ಆಟದ ಪೀರಿಯಡ್ ಯಾರಿಗೆ ಹೆಚ್ಚು ಬೇಕು?



ನಿಮ್ಮ ತರಗತಿಯ ಗೋಡೆಗೆ ಅಂಟಿಸಿರುವ ವೇಳಾಪಟ್ಟಿಯನ್ನು ಒಮ್ಮೆ ನೋಡಿ. ವಾರಕ್ಕೆ ಎಷ್ಟು ಪೀರಿಯಡ್ ಆಟಕ್ಕೆಂದು ಬರೆದಿದೆ? ಅವುಗಳಲ್ಲಿ ಎಷ್ಟು ನಿಜವಾಗಿ ಮೈದಾನದಲ್ಲಿ ನಡೆಯುತ್ತವೆ? ಈಗ ಇನ್ನೊಂದು ಪ್ರಶ್ನೆ. ಆಟದ ಗಂಟೆ ಹೊಡೆದಾಗ ಎಲ್ಲರೂ ಹೊರಗೆ ಓಡುತ್ತಾರೆ. ಒಬ್ಬರೋ ಇಬ್ಬರೋ ಮಾತ್ರ ಒಳಗೇ ಉಳಿಯುತ್ತಾರೆ. ಅವರು ಯಾರು?

ಬೆಳಿಗ್ಗೆ ಯಾರೊಂದಿಗೋ ಕೈ ಮಿಲಾಯಿಸಿದವನು. ಪಾಠದ ನಡುವೆ ಪದೇ ಪದೇ ಎದ್ದು ಓಡಾಡಿದವಳು. ಮನೆಗೆಲಸ ಬರೆದು ತಾರದವನು. "ನಿನಗೆ ಇವತ್ತು ಆಟವಿಲ್ಲ, ಕೂತು ಬರಿ" ಎಂದು ಹೇಳಿಸಿಕೊಂಡವರು ಇವರು. ಇನ್ನು ಕೆಲವರಿಗೆ ಯಾರೂ ಏನೂ ಹೇಳಿರುವುದಿಲ್ಲ. ತಾವಾಗಿಯೇ ಮೂಲೆ ಹಿಡಿದು ಕುಳಿತಿರುತ್ತಾರೆ. ಕರೆದರೂ ಬರುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆಟದ ಪೀರಿಯಡ್ ಎಲ್ಲರಿಗಿಂತ ಹೆಚ್ಚು ಬೇಕಾಗಿರುವುದು ಈ ಮಕ್ಕಳಿಗೇ. ಅದನ್ನು ಅವರಿಂದ ಕಸಿದುಕೊಳ್ಳುವುದು ಬಾಯಾರಿದವನಿಗೆ ನೀರು ಕೊಡದೆ ಶಿಕ್ಷಿಸಿದಂತೆ. ಹಾಗೆಂದು ಅವರನ್ನು ಸುಮ್ಮನೆ ಮೈದಾನಕ್ಕೆ ತಳ್ಳಿದರೂ ಸಾಲದು. ಅಲ್ಲಿ ಅವರಿಗೆ ಜಾಗ ಮಾಡಿಕೊಡಬೇಕು. ಅದರಲ್ಲಿ ಅರ್ಧ ಕೆಲಸ ಶಿಕ್ಷಕರದು, ಇನ್ನರ್ಧ ನಿಮ್ಮದು. ಏಕೆ ಎಂಬುದನ್ನು ವಿಜ್ಞಾನದ ಸಹಾಯದಿಂದ ನೋಡೋಣ.

ಮನಸ್ಸಿಗೂ ಪೆಟ್ಟಾಗುತ್ತದೆ

ಗೆಳೆಯನ ಕಾಲು ಮುರಿದರೆ ನಮಗೆ ತಕ್ಷಣ ಗೊತ್ತಾಗುತ್ತದೆ. ಪ್ಲಾಸ್ಟರ್ ಕಣ್ಣಿಗೆ ಕಾಣುತ್ತದೆ. "ಮೆಲ್ಲಗೆ ನಡಿ" ಎಂದು ಕೈ ಹಿಡಿಯುತ್ತೇವೆ, ಅವನ ಚೀಲ ಹೊರುತ್ತೇವೆ. ಮನಸ್ಸಿಗೆ ಪೆಟ್ಟಾದರೆ ಯಾರೂ ಪ್ಲಾಸ್ಟರ್ ಹಾಕುವುದಿಲ್ಲ. ಆದ್ದರಿಂದ ಪೆಟ್ಟು ನಮಗೆ ಕಾಣುವುದಿಲ್ಲ, ನಡವಳಿಕೆ ಮಾತ್ರ ಕಾಣುತ್ತದೆ. ಸಣ್ಣ ಮಾತಿಗೂ ಸಿಡಿಯುವುದು, ಕಾರಣವಿಲ್ಲದೆ ಅಳುವುದು, ಯಾರೊಂದಿಗೂ ಮಾತನಾಡದೆ ಇರುವುದು, ಒಂದು ಕಡೆ ಕೂರಲಾಗದೆ ಚಡಪಡಿಸುವುದು.

ನಮ್ಮ ಭಾಗದ ಮಕ್ಕಳಿಗೆ ಇಂತಹ ಪೆಟ್ಟು ಬೀಳಲು ಕಾರಣಗಳು ಹಲವು. ಅಪ್ಪ ಅಮ್ಮ ಗುಳೆ ಹೋದಾಗ ಅಜ್ಜಿಯ ಹತ್ತಿರ ಉಳಿದ ಮಗು ಇದೆ. ಅಪ್ಪ ರಾತ್ರಿ ಪಾಳಿಗೆ ಗಣಿಗೆ ಹೋಗಿ, ಮನೆಯಲ್ಲಿ ಯಾರೂ ಸರಿಯಾಗಿ ಮಾತಿಗೆ ಸಿಗದ ಮಗು ಸಂಡೂರಿನ ಕಡೆ ಇರಬಹುದು. 2019ರ ಆಗಸ್ಟ್ ತಿಂಗಳಲ್ಲಿ ತುಂಗಭದ್ರೆ ಉಕ್ಕಿ ಕಂಪ್ಲಿಯ ಸೇತುವೆ ಮುಳುಗಿತ್ತು. ನದಿ ದಡದ ಮನೆಗಳಿಗೆ ನೀರು ನುಗ್ಗಿತ್ತು. ಅಂತಹ ರಾತ್ರಿಗಳನ್ನು ಕಂಡ ಮಕ್ಕಳಿಗೆ ಪ್ರತಿ ಮಳೆಗಾಲದಲ್ಲೂ ಅದೇ ನೆನಪಾಗುವುದು ಸಹಜ. ಹೊಸಪೇಟೆಗೆ ಹೊಸದಾಗಿ ಬಂದು, ಮನೆಮಾತು ಬೇರೆಯಾಗಿ, ಒಬ್ಬ ಗೆಳೆಯನೂ ಸಿಗದ ಮಗು ಇರಬಹುದು. ಮನೆಯಲ್ಲಿ ಕುಡಿತ, ಜಗಳ ಇರಬಹುದು. ಪ್ರೀತಿಯವರೊಬ್ಬರು ತೀರಿಕೊಂಡಿರಬಹುದು. ಇನ್ನು ಕೆಲವು ಮಕ್ಕಳಿಗೆ ಯಾವ ಪೆಟ್ಟೂ ಬಿದ್ದಿರುವುದಿಲ್ಲ. ಅವರ ಮಿದುಳು ಕೆಲಸ ಮಾಡುವ ರೀತಿಯೇ ಹುಟ್ಟಿನಿಂದ ತುಸು ಬೇರೆ. ಗಮನ ಒಂದೆಡೆ ನಿಲ್ಲದಿರುವುದು, ಗದ್ದಲ ಸಹಿಸಲಾಗದಿರುವುದು ಅವರ ತಪ್ಪಲ್ಲ.

ಇವರಿಗೆಲ್ಲ 'ತಂಟೆಕೋರ', 'ಮುಂಗೋಪಿ', 'ಮೂದೇವಿ' ಎಂದು ಹೆಸರಿಡುವುದು ಸುಲಭ. ಆದರೆ ಹೆಸರಿಟ್ಟ ಕೂಡಲೇ ನಾವು ಕಾರಣ ಹುಡುಕುವುದನ್ನು ಬಿಟ್ಟುಬಿಡುತ್ತೇವೆ. ವಿಜ್ಞಾನ ಕಲಿಯುವವರು ಹಾಗೆ ಮಾಡಬಾರದು, ಅಲ್ಲವೇ?

ಕರಡಿ ಎದುರಾದರೆ ಏನಾಗುತ್ತದೆ?

ಕಮಲಾಪುರದ ಸಮೀಪ ಇರುವ ದರೋಜಿ ಕರಡಿಧಾಮದ ಹೆಸರನ್ನು ನೀವು ಕೇಳಿದ್ದೀರಿ. 1994ರಲ್ಲಿ ಅದನ್ನು ಕರಡಿಗಳ ರಕ್ಷಣೆಗೆಂದೇ ಘೋಷಿಸಲಾಯಿತು. ಅಲ್ಲಿನ ಬಂಡೆಗಳ ನಡುವಿನಿಂದ ಒಂದು ಕರಡಿ ಇದ್ದಕ್ಕಿದ್ದಂತೆ ನಿಮ್ಮ ಎದುರಿಗೆ ಬಂತು ಎಂದು ಊಹಿಸಿಕೊಳ್ಳಿ. ನೀವು ಯೋಚಿಸುವ ಮೊದಲೇ ದೇಹ ಸಿದ್ಧವಾಗಿರುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತದೆ. ಉಸಿರು ವೇಗವಾಗುತ್ತದೆ. ಬಾಯಿ ಒಣಗುತ್ತದೆ. ಅಂಗೈ ಬೆವರುತ್ತದೆ. ಕಾಲಿನ ಸ್ನಾಯುಗಳು ಬಿಗಿಯುತ್ತವೆ.

ಇದನ್ನೆಲ್ಲ ಮಾಡಿದವರು ಯಾರು? ಮಿದುಳಿನ ಒಳಗೆ ಬಾದಾಮಿ ಬೀಜದ ಆಕಾರದ ಅಮಿಗ್ಡಲ ಎಂಬ ಭಾಗವಿದೆ. ಅಪಾಯವನ್ನು ಗುರುತಿಸಿ ಎಚ್ಚರಿಕೆಯ ಗಂಟೆ ಬಾರಿಸುವುದರಲ್ಲಿ ಅದರ ಪಾತ್ರ ದೊಡ್ಡದು. ಆಗ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಸ್ವಲ್ಪ ಹೊತ್ತಿನಲ್ಲಿ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನೂ ಸೇರುತ್ತದೆ. ಓಡಿಹೋಗಲು ಇಲ್ಲವೇ ಎದುರಿಸಿ ಹೋರಾಡಲು ದೇಹ ಮಾಡಿಕೊಳ್ಳುವ ಈ ಸಿದ್ಧತೆಯನ್ನು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ವಿವರಿಸಿದರು.

ಕರಡಿ ಹೊರಟುಹೋದ ಮೇಲೆ ಗಂಟೆ ನಿಲ್ಲಬೇಕು. ಎದೆಬಡಿತ ಮೊದಲಿನಂತಾಗಬೇಕು. ಹೆಚ್ಚಿನವರಲ್ಲಿ ಹಾಗೆಯೇ ಆಗುತ್ತದೆ. ಆದರೆ ತುಂಬ ದಿನ ಭಯ, ದುಃಖ, ಅವಮಾನಗಳನ್ನು ಉಂಡ ಮಗುವಿನಲ್ಲಿ ಈ ಗಂಟೆ ಬೇಗ ಬಾರಿಸುತ್ತದೆ, ತಡವಾಗಿ ನಿಲ್ಲುತ್ತದೆ. ಹಿಂದಿನ ಬೆಂಚಿನವರು ಸುಮ್ಮನೆ ನಕ್ಕರೂ ಅದಕ್ಕೆ ಕರಡಿ ಬಂದಂತೆಯೇ. ಇಂತಹ ಸಮಯದಲ್ಲಿ ಹಣೆಯ ಹಿಂದಿರುವ, ಯೋಚಿಸಿ ತೀರ್ಮಾನಿಸುವ ಮಿದುಳಿನ ಭಾಗದ ಮಾತು ನಡೆಯುವುದಿಲ್ಲ. ಆ ಭಾಗ ಪೂರ್ತಿಯಾಗಿ ಬೆಳೆಯಲು ಸುಮಾರು 25 ವರ್ಷ ಬೇಕು. ಹನ್ನೆರಡು ವರ್ಷದ ಮಗುವಿಗೆ "ಕೋಪವನ್ನು ನುಂಗಿಕೋ" ಎಂದು ಹೇಳಿದಷ್ಟು ಸುಲಭವಲ್ಲ ಅದನ್ನು ಮಾಡುವುದು.

ನೀವೇ ಮಾಡಿ ನೋಡಿ

ಗಡಿಯಾರ, ನೋಟ್‌ಬುಕ್, ಪೆನ್ಸಿಲ್ ಇದ್ದರೆ ಸಾಕು. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ, ಎರಡು ಬೆರಳಿಟ್ಟು ನಾಡಿ ಹುಡುಕಿ. 15 ಸೆಕೆಂಡಿನಲ್ಲಿ ಎಷ್ಟು ಬಡಿತ ಎಂದು ಎಣಿಸಿ, 4ರಿಂದ ಗುಣಿಸಿ. ಕುಳಿತಿರುವಾಗ ನಿಮ್ಮ ವಯಸ್ಸಿನವರಿಗೆ ಸಾಮಾನ್ಯವಾಗಿ ನಿಮಿಷಕ್ಕೆ 70ರಿಂದ 100ರವರೆಗೆ ಬರುತ್ತದೆ. ಈಗ ಮೈದಾನಕ್ಕೆ ಎರಡು ಸುತ್ತು ಓಡಿ ಬಂದು ಮತ್ತೆ ಎಣಿಸಿ. ಐದು ನಿಮಿಷ ನೆರಳಿನಲ್ಲಿ ಕುಳಿತು ಮತ್ತೊಮ್ಮೆ ಎಣಿಸಿ. ಮೂರನ್ನೂ ಬರೆದುಕೊಳ್ಳಿ. (ಉಬ್ಬಸ ಅಥವಾ ಹೃದಯದ ತೊಂದರೆ ಇರುವವರು ಶಿಕ್ಷಕರನ್ನು ಕೇಳದೆ ಓಡಬೇಡಿ. ಅವರು ಎಣಿಸುವ ಕೆಲಸ ಮಾಡಲಿ.)

ಓಡಿದಾಗಲೂ ಎದೆ ಡವಡವ ಎನ್ನುತ್ತದೆ, ಉಸಿರು ಏರುತ್ತದೆ, ಬೆವರು ಬರುತ್ತದೆ. ಹೆದರಿದಾಗ ಆಗುವುದೂ ಬಹುಮಟ್ಟಿಗೆ ಇದೇ. ಆದರೆ ಇಲ್ಲಿ ಹೆದರಿಕೆ ಇಲ್ಲ, ಖುಷಿ ಇದೆ. ಏರಿದ ಎದೆಬಡಿತ ತಾನಾಗಿ ಇಳಿಯುವುದನ್ನು ನೀವು ಕಣ್ಣಾರೆ ಕಂಡಿರಿ. ಹೆದರಿದ ಮಗು ಇದನ್ನು ದಿನವೂ ಅನುಭವಿಸಿದರೆ "ಎದೆ ಹೊಡೆದುಕೊಂಡರೆ ಅಪಾಯವೇನೂ ಇಲ್ಲ, ಅದು ಇಳಿಯುತ್ತದೆ" ಎಂಬುದನ್ನು ಅದರ ದೇಹವೇ ಕಲಿಯುತ್ತದೆ. ಇದನ್ನು ಪುಸ್ತಕದಿಂದ ಕಲಿಸಲಾಗದು.

ಇನ್ನೊಂದು ಪ್ರಯೋಗ. ನಾಡಿಯ ಮೇಲೆ ಬೆರಳಿಟ್ಟುಕೊಂಡೇ ನಿಧಾನವಾಗಿ ಉಸಿರು ಎಳೆದುಕೊಳ್ಳಿ, ಅದಕ್ಕಿಂತ ನಿಧಾನವಾಗಿ ಬಿಡಿ. ಎಳೆದುಕೊಳ್ಳುವಾಗ ಬಡಿತ ತುಸು ವೇಗವಾಗುತ್ತದೆ, ಬಿಡುವಾಗ ತುಸು ನಿಧಾನವಾಗುತ್ತದೆ. ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ಎಂಬ ನರ ಹೃದಯಕ್ಕೆ ಹಾಕುವ ಲಗಾಮು ಇದು. ಯೋಗದ ತರಗತಿಯಲ್ಲಿ ಉಸಿರನ್ನು ನಿಧಾನವಾಗಿ ಬಿಡಿ ಎಂದು ಹೇಳುವುದರ ಹಿಂದೆ ಇಂತಹ ಕಾರಣವಿದೆ.

ಕೋಪ ಅಣೆಕಟ್ಟಿನ ನೀರಲ್ಲ

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಿಕೊಳ್ಳಬೇಕು. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿಗೆ 33 ಕ್ರೆಸ್ಟ್ ಗೇಟುಗಳಿವೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳಿಂದಲೂ ನೀರು ಹರಿಸಬೇಕಾಯಿತು. ಕೋಪವೂ ಹೀಗೆಯೇ ಎಂದು ಬಹಳ ಜನ ನಂಬಿದ್ದಾರೆ. ಒಳಗೆ ತುಂಬಿಕೊಂಡಿರುತ್ತದೆ, ಹೊರಗೆ ಬಿಟ್ಟರೆ ಖಾಲಿಯಾಗುತ್ತದೆ ಎಂಬುದು ಅವರ ಲೆಕ್ಕ. ಆದ್ದರಿಂದ ಸಿಟ್ಟು ಬಂದ ಹುಡುಗನಿಗೆ "ಹೋಗು, ಹತ್ತು ಸುತ್ತು ಓಡು" ಎನ್ನುತ್ತಾರೆ. ದಿಂಬಿಗೆ ಗುದ್ದು ಎನ್ನುವವರೂ ಇದ್ದಾರೆ.

2024ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆ ಇದನ್ನು ಒಪ್ಪುವುದಿಲ್ಲ. ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 150ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅವುಗಳಲ್ಲಿ 10,000ಕ್ಕೂ ಹೆಚ್ಚು ಜನ ಭಾಗವಹಿಸಿದ್ದರು. ಕೋಪವನ್ನು ಹೊರಹಾಕುವುದರಿಂದ ಕೋಪ ಇಳಿಯುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಒಬ್ಬರೇ ಓಡುವುದರಿಂದ ಕೋಪ ಕಡಿಮೆಯಾಗುವ ಬದಲು ಹೆಚ್ಚುವ ಸಂಭವವೇ ಇತ್ತು. ಕೋಪ ಇಳಿಸಿದ್ದು ನಿಧಾನವಾದ ಉಸಿರಾಟ, ಯೋಗ, ಧ್ಯಾನದಂತಹ ದೇಹವನ್ನು ತಣಿಸುವ ಕ್ರಿಯೆಗಳು. ಇನ್ನೊಂದು ಸ್ವಾರಸ್ಯವನ್ನು ಗಮನಿಸಿ. ದೈಹಿಕ ಶಿಕ್ಷಣದ ತರಗತಿಗಳಿಂದ ಮತ್ತು ಚೆಂಡಿನ ಆಟಗಳಿಂದ ಕೋಪ ಕಡಿಮೆಯಾಗಿತ್ತು. ಓಟದಲ್ಲಿ ಇರದೆ, ಆಟದಲ್ಲಿ ಇದ್ದದ್ದು ಏನು? ಆಟದಲ್ಲಿ ನಗು ಇದೆ, ಜೊತೆಗಾರರಿದ್ದಾರೆ.

ಹಾಗಾದರೆ ಪಾಠ ಸ್ಪಷ್ಟ. ಸಿಟ್ಟಿನ ಮಗುವನ್ನು ಶಿಕ್ಷೆಯಾಗಿ ಓಡಿಸಬೇಡಿ. ಆಟಕ್ಕೆ ಸೇರಿಸಿಕೊಳ್ಳಿ. ಪೀರಿಯಡ್‌ನ ಕೊನೆಯ ಐದು ನಿಮಿಷ ಎಲ್ಲರೂ ನೆರಳಿನಲ್ಲಿ ಕುಳಿತು ಉಸಿರನ್ನು ನಿಧಾನಕ್ಕೆ ತನ್ನಿ. ಬಿಸಿಯಾದ ದೇಹ ತಣ್ಣಗಾದ ಮೇಲೆ ತರಗತಿಗೆ ಹೋಗಿ. ಇದು ಸಿಟ್ಟಿನವರಿಗೆ ಮಾತ್ರವಲ್ಲ, ಎಲ್ಲರಿಗೂ ಒಳ್ಳೆಯದು.

ಬಯಲೇ ಒಂದು ತರಗತಿ

ದೈಹಿಕ ಶಿಕ್ಷಣವೆಂದರೆ ಪಂದ್ಯ ಮಾತ್ರವಲ್ಲ. ಕಟ್ಟಡದಿಂದ ಹೊರಗೆ ಬಂದು ನಡೆಯುವುದೂ, ನೋಡುವುದೂ ಅದರ ಭಾಗವೇ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು, ಗಮನ ಕೊಡಲು ಕಷ್ಟಪಡುವ 7ರಿಂದ 12 ವರ್ಷದ 17 ಮಕ್ಕಳನ್ನು ಬೇರೆ ಬೇರೆ ದಿನ ಮೂರು ಕಡೆ 20 ನಿಮಿಷ ನಡೆಸಿದರು: ಒಂದು ಉದ್ಯಾನ, ಒಂದು ಪೇಟೆ ಬೀದಿ, ಒಂದು ಮನೆಗಳ ಬಡಾವಣೆ. 2009ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಉದ್ಯಾನದಲ್ಲಿ ನಡೆದು ಬಂದ ನಂತರ ಮಕ್ಕಳ ಗಮನ ಉಳಿದೆರಡು ಕಡೆಗಿಂತ ಚೆನ್ನಾಗಿತ್ತು. 17 ಮಕ್ಕಳು ಎಂದರೆ ಸಣ್ಣ ಸಂಖ್ಯೆ. ಅಷ್ಟರಿಂದಲೇ ಎಲ್ಲವೂ ಸಾಬೀತಾಯಿತು ಎನ್ನಲಾಗದು. ಆದರೆ ನಮ್ಮ ಶಾಲೆಗಳಲ್ಲಿ ಖರ್ಚಿಲ್ಲದೆ ಮಾಡಿ ನೋಡಬಹುದಾದ ಪ್ರಯೋಗ ಇದು.

ನಮಗೆ ಉದ್ಯಾನ ಹುಡುಕಬೇಕಾಗಿಲ್ಲ. ಹಂಪಿಯ ಸುತ್ತಲಿನ ಗ್ರಾನೈಟ್ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಅವನ್ನು ಯಾರೂ ತಂದು ಪೇರಿಸಿಟ್ಟಿಲ್ಲ. ಬಿಸಿಲು, ಮಳೆ, ಗಾಳಿಗಳಿಗೆ ಸಿಕ್ಕು ಬಿರುಕುಬಿಟ್ಟು, ಮೂಲೆಗಳು ಸವೆದು ಗುಂಡಗಾಗಿವೆ. ಅವುಗಳನ್ನು ಹತ್ತುವುದಕ್ಕೆಂದೇ ದೂರದ ದೇಶಗಳಿಂದ ಜನ ಬರುತ್ತಾರೆ. ಸಂಡೂರಿನ ಬೆಟ್ಟಗಳ ಮಣ್ಣು ಕೆಂಪಗಿರುವುದು ಕಬ್ಬಿಣದ ಆಕ್ಸೈಡಿನಿಂದ. ಕಂಪ್ಲಿಯ ಕಡೆ ಕಾಲುವೆ ನೀರಿನ ಗದ್ದೆ, ಬಾಳೆತೋಟಗಳಿವೆ, ಬೆಳ್ಳಕ್ಕಿಗಳಿವೆ. ಮಾತು ಬಾರದ ದುಃಖದಲ್ಲಿರುವ ಮಗುವಿಗೆ "ಏನಾಯಿತು ಹೇಳು" ಎಂದು ಎದುರಿಗೆ ಕೂರಿಸಿ ಕೇಳಿದರೆ ಬಾಯಿ ಬಿಡುವುದಿಲ್ಲ. ಪಕ್ಕದಲ್ಲಿ ನಡೆಯುತ್ತ "ಅಗೋ, ಆ ಹಕ್ಕಿ ನೋಡು" ಎಂದರೆ ಮಾತು ತಾನಾಗಿ ಬರಬಹುದು.

ಆದರೆ ಎಚ್ಚರಿಕೆ ಬೇಕು. ಶಿಕ್ಷಕರಿಲ್ಲದೆ ನದಿ, ಕಾಲುವೆ, ಕೆರೆಗಳಿಗೆ ಇಳಿಯಬಾರದು. ಬಂಡೆ ಹತ್ತುವ ಸಾಹಸ ಒಬ್ಬರೇ ಮಾಡಬಾರದು. ಹಂಪಿಯ ಸ್ಮಾರಕಗಳ ಮೇಲೆ ಹತ್ತಲೇಬಾರದು. ಬೇಸಿಗೆಯಲ್ಲಿ ನಮ್ಮ ಬಿಸಿಲು ಬಲು ಕಟು. ಹೊರಗಿನ ಚಟುವಟಿಕೆ ಬೆಳಿಗ್ಗೆಯೇ ಮುಗಿಯಲಿ, ಕುಡಿಯುವ ನೀರು ಜೊತೆಗಿರಲಿ.

ಮೈದಾನವೂ ಹೆದರಿಸಬಹುದು

"ಆಟವೆಂದರೆ ಎಲ್ಲರಿಗೂ ಇಷ್ಟ" ಎಂದು ನಾವು ಭಾವಿಸುತ್ತೇವೆ. ಅದು ನಿಜವಲ್ಲ. ಇಬ್ಬರು ನಾಯಕರು ಎದುರುಬದುರು ನಿಂತು ಒಬ್ಬೊಬ್ಬರನ್ನೇ ಆರಿಸುವ ಪದ್ಧತಿಯನ್ನು ನೆನಪಿಸಿಕೊಳ್ಳಿ. ಗಟ್ಟಿಗರು ಮೊದಲು ಹೋಗುತ್ತಾರೆ. ಕೊನೆಗೆ ಒಬ್ಬಳು ಉಳಿಯುತ್ತಾಳೆ. "ಇವಳನ್ನು ನೀವೇ ಇಟ್ಟುಕೊಳ್ಳಿ" ಎಂದು ನಾಯಕ ನಗುತ್ತಾನೆ. ಆಟ ಶುರುವಾಗುವ ಮೊದಲೇ ಅವಳು ಸೋತಿರುತ್ತಾಳೆ. ಮುಂದಿನ ವಾರ ಅವಳಿಗೆ ಹೊಟ್ಟೆನೋವು ಬಂದರೆ ಆಶ್ಚರ್ಯವಿಲ್ಲ. ಅದು ಸುಳ್ಳು ನೋವೂ ಅಲ್ಲ. ಹೆದರಿದಾಗ ಹೊಟ್ಟೆಯೂ ನಿಜವಾಗಿ ಕೆಡುತ್ತದೆ.

ತಂಡ ಮಾಡಲು ಬೇರೆ ದಾರಿಗಳಿವೆ. ಸಾಲಾಗಿ ನಿಂತು ಒಂದು, ಎರಡು, ಒಂದು, ಎರಡು ಎಂದು ಎಣಿಸಿ. ಬೇವಿನ ಎಲೆ, ಹುಣಸೆ ಎಲೆಗಳನ್ನು ಮುಚ್ಚಿಟ್ಟು ಎತ್ತಿಸಿ. ಹುಟ್ಟಿದ ತಿಂಗಳಿನ ಪ್ರಕಾರ ವಿಂಗಡಿಸಿ. ಒಂದು ನಿಮಿಷದಲ್ಲಿ ಮುಗಿಯುತ್ತದೆ, ಯಾರೂ ಕೊನೆಗೆ ಉಳಿಯುವುದಿಲ್ಲ.

ಆಟದ ನಿಯಮಗಳನ್ನೂ ಒಮ್ಮೆ ಪರೀಕ್ಷಿಸಿ. ಕೆಲವು ಆಟಗಳಲ್ಲಿ ಔಟಾದವರು ಆಟ ಮುಗಿಯುವವರೆಗೆ ಹೊರಗೇ ಕೂರಬೇಕು. ಆಡಲು ಬಾರದವರೇ ಮೊದಲು ಔಟಾಗುವುದರಿಂದ, ಅಭ್ಯಾಸ ಹೆಚ್ಚು ಬೇಕಾದವರಿಗೇ ಅಭ್ಯಾಸ ಕಡಿಮೆ ಸಿಗುತ್ತದೆ. ನಮ್ಮ ಕಬಡ್ಡಿಯನ್ನು ನೋಡಿ. ಒಂದು ತಂಡದಲ್ಲಿ 7 ಜನ. ಎದುರಾಳಿ ಒಬ್ಬ ಔಟಾದರೆ ನಮ್ಮಲ್ಲಿ ಔಟಾಗಿದ್ದ ಒಬ್ಬರು ಮರಳಿ ಒಳಗೆ ಬರುತ್ತಾರೆ. ಎಷ್ಟು ಒಳ್ಳೆಯ ನಿಯಮ! ಖೋಖೋದಲ್ಲಿ 8 ಜನ ಸಾಲಾಗಿ ಕುಳಿತಿರುತ್ತಾರೆ, ಒಬ್ಬರು ಅಟ್ಟುತ್ತಾರೆ. ಕುಳಿತವರಿಗೆ ಯಾವ ಕ್ಷಣದಲ್ಲಾದರೂ 'ಖೋ' ಸಿಗಬಹುದು. ಲಗೋರಿಯಲ್ಲಿ ಚೆಂಡು ಹೊಡೆಯಲು ಬಾರದವರೂ ಕಲ್ಲು ಪೇರಿಸಬಹುದು. ಇಂತಹ ಆಟಗಳು ಎಲ್ಲರಿಗೂ ಜಾಗ ಕೊಡುತ್ತವೆ. ಆದರೆ ಮೈ ಮುಟ್ಟಿದರೆ, ತಳ್ಳಿದರೆ ಬೆದರುವ ಮಕ್ಕಳೂ ಇರುತ್ತಾರೆ. ಅವರನ್ನು ಕಬಡ್ಡಿಗೆ ಎಳೆಯಬೇಡಿ. ಕುಂಟೆಬಿಲ್ಲೆಯೋ ಚೆಂಡು ಎಸೆದು ಹಿಡಿಯುವ ಆಟವೋ ಅವರಿಗೆ ಹಿಡಿಸಬಹುದು.

ನಿಧಾನಿಗಳನ್ನು ಸದಾ ಅಂಕ ಬರೆಯಲು ಕೂರಿಸುವುದೂ ಅನ್ಯಾಯವೇ. ಒಂದು ದಿನ ಬರೆಯಲಿ, ಮರುದಿನ ಬೇರೆಯವರು ಬರೆಯಲಿ. ಗದ್ದಲ ಹೆಚ್ಚಾಗಿ ಬೇಡವೆನಿಸಿದರೆ ಕುಳಿತು ಸುಧಾರಿಸಿಕೊಳ್ಳಲು ಮೈದಾನದ ಅಂಚಿನಲ್ಲಿ ಒಂದು ಮರದ ನೆರಳನ್ನು ಗೊತ್ತುಮಾಡಿ. ಅಲ್ಲಿ ಕುಳಿತವರನ್ನು ಯಾರೂ ಛೇಡಿಸಬಾರದು, ಮರಳಿ ಬಂದಾಗ ಯಾರೂ ಪ್ರಶ್ನಿಸಬಾರದು.

ನೀವು ತೆಪ್ಪದಲ್ಲಿ ಕುಳಿತು ನದಿ ದಾಟಿದ್ದರೆ ಒಂದು ವಿಷಯ ನಿಮಗೆ ಗೊತ್ತು. ಎಲ್ಲರೂ ಒಂದೇ ಬದಿಗೆ ಸರಿದರೆ ತೆಪ್ಪ ವಾಲುತ್ತದೆ. ತೂಕ ಸುತ್ತಲೂ ಹಂಚಿಕೊಂಡರೆ ಎಲ್ಲರೂ ದಡ ಸೇರುತ್ತಾರೆ. ತಂಡವೂ ಹಾಗೆಯೇ.

ಬಳ್ಳಾರಿ ತೋರಿಸಿದ ದಾರಿ

ಮನಸ್ಸಿನ ಕಾಯಿಲೆಗೆ ದೂರದ ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ ಚಿಕಿತ್ಸೆ ಎಂದು ಒಂದು ಕಾಲದಲ್ಲಿ ಜನ ತಿಳಿದಿದ್ದರು. ಆ ನಂಬಿಕೆಯನ್ನು ಬದಲಿಸಿದ್ದರಲ್ಲಿ ನಮ್ಮ ನೆಲದ ಪಾಲಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಆಗ ಹೊಸಪೇಟೆಯೂ ಇದೇ ಜಿಲ್ಲೆಯಲ್ಲಿತ್ತು. ವಿಜಯನಗರ ಜಿಲ್ಲೆ ಬೇರೆಯಾದದ್ದು 2021ರಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗಳನ್ನು ಗುರುತಿಸಿ ಹತ್ತಿರದಲ್ಲೇ ಚಿಕಿತ್ಸೆ ಕೊಡುವಂತೆ ಮಾಡಲಾಯಿತು. ಇದು 'ಬಳ್ಳಾರಿ ಮಾದರಿ' ಎಂದು ಹೆಸರಾಯಿತು. 1996ರಲ್ಲಿ ಭಾರತ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಬುನಾದಿ.

ಇದರಿಂದ ನಾನು ಕಲಿತ ಪಾಠ ಇದು. ಮನಸ್ಸಿನ ಆರೈಕೆ ದೂರದಲ್ಲಿ ಎಲ್ಲೋ ಅಲ್ಲ, ನಾವು ದಿನವೂ ಇರುವ ಜಾಗದಲ್ಲಿ, ನಮ್ಮ ಸುತ್ತಲಿನ ಸಾಮಾನ್ಯ ಜನರಿಂದಲೇ ಶುರುವಾಗಬಹುದು. ಮಕ್ಕಳು ದಿನವೂ ಇರುವ ಜಾಗ ಯಾವುದು? ಶಾಲೆ. ಹಾಗಿರುವಾಗ ಮೈದಾನವನ್ನು ಏಕೆ ಬಿಡಬೇಕು?

ಎರಡು ಆಕ್ಷೇಪಣೆಗಳು

"ತಪ್ಪು ಮಾಡಿದವನಿಗೆ ಶಿಕ್ಷೆಯೇ ಬೇಡವೇ?" ಎಂದು ನೀವು ಕೇಳಬಹುದು. ಹೊಡೆಯುವುದು ತಪ್ಪು. ಅದನ್ನು ಆ ಕ್ಷಣವೇ ತಡೆಯಬೇಕು. ಹೊಡೆದವನು ಐದು ನಿಮಿಷ ಹೊರಗೆ ಕೂರಲಿ, ತಣ್ಣಗಾಗಲಿ, ನೋವಾದವನ ಹತ್ತಿರ ಹೋಗಿ ಕ್ಷಮೆ ಕೇಳಲಿ, ಮರಳಿ ಆಟಕ್ಕೆ ಬರಲಿ. ಹೇಗೆ ವರ್ತಿಸಬೇಕು ಎಂಬುದನ್ನು ಅವನು ಕಲಿಯಬೇಕಾದದ್ದು ಇತರರ ಜೊತೆಯಲ್ಲಿ. ವಾರವಿಡೀ ಒಬ್ಬನೇ ಕುಳಿತರೆ ಅದನ್ನು ಎಲ್ಲಿ ಕಲಿಯುತ್ತಾನೆ?

"ಪಾಠ ಹಿಂದೆ ಬಿದ್ದಿದೆ, ಆಟದ ಪೀರಿಯಡ್‌ನಲ್ಲಿ ಗಣಿತ ಮಾಡೋಣ" ಎಂಬುದು ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತಹ ಚಟುವಟಿಕೆ ಬೇಕು. ಮನಸ್ಸಿನ ಆರೋಗ್ಯಕ್ಕೂ ಕಲಿಕೆಗೂ ಇದು ಒಳ್ಳೆಯದು ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ರಾಜರಿಗೂ ಕೆಲಸ ಕಡಿಮೆ ಇರಲಿಲ್ಲ. ಸುಮಾರು 1520ರಲ್ಲಿ ಹಂಪಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಕೃಷ್ಣದೇವರಾಯ ಬೆಳಗಾಗುವ ಮೊದಲೇ ಎದ್ದು ಎಣ್ಣೆ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿವರಸೆ ಮಾಡಿ, ಮಲ್ಲರೊಂದಿಗೆ ಕುಸ್ತಿ ಆಡಿ, ಆಮೇಲೆ ಕುದುರೆ ಏರುತ್ತಿದ್ದನೆಂದು ಬರೆದಿದ್ದಾನೆ. ರಾಜ್ಯಭಾರ ಶುರುವಾಗುತ್ತಿದ್ದುದು ಅದರ ನಂತರ.

ಒಂದು ಮಾತನ್ನು ಮರೆಯಬಾರದು. ಆಟ ಎಲ್ಲ ನೋವಿಗೂ ಮದ್ದಲ್ಲ. ತುಂಬ ದಿನ ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನಿಸಿದರೆ, ಅಥವಾ ಯಾರಾದರೂ ನಿಮ್ಮನ್ನು ಹಿಂಸಿಸುತ್ತಿದ್ದರೆ, ನಂಬಿಕೆಯ ಹಿರಿಯರಿಗೆ ಹೇಳಿ. ವೈದ್ಯರ ಸಹಾಯ ಬೇಕಾಗುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಮನಸ್ಸಿನ ತೊಂದರೆಗಳಿಗೆ 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. ಎರಡೂ ಕರೆಗಳು ಉಚಿತ.

ಇದು ನಿಮ್ಮ ಹಕ್ಕು

ಆಟ ಯಾರೋ ಕೊಡುವ ಬಹುಮಾನವಲ್ಲ. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟ ಮತ್ತು ವಿರಾಮವನ್ನು ಮಕ್ಕಳ ಹಕ್ಕು ಎನ್ನುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ, ಆಟದ ಸಾಮಗ್ರಿ ಇರಬೇಕು ಎಂದು ಹೇಳುತ್ತದೆ. ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ವಿಕಲಚೇತನ ಮಕ್ಕಳಿಗೂ ಕ್ರೀಡೆಯಲ್ಲಿ ಇತರರಷ್ಟೇ ಸಮಾನ ಅವಕಾಶ ಇರಬೇಕು.

ನಿಮ್ಮ ಶಾಲೆಯಲ್ಲಿ ಮೈದಾನವಿಲ್ಲದಿದ್ದರೆ, ಚೆಂಡು ಇಲ್ಲದಿದ್ದರೆ, ಆಟದ ಪೀರಿಯಡ್ ನಡೆಯದಿದ್ದರೆ ಶಾಲಾ ಸಂಸತ್ತಿನಲ್ಲಿ ವಿಷಯ ಎತ್ತಿ. ಮುಖ್ಯ ಶಿಕ್ಷಕರಿಗೂ ಎಸ್‌ಡಿಎಂಸಿಗೂ ಅರ್ಜಿ ಬರೆಯಿರಿ. ಹಳ್ಳಿಯ ಶಾಲೆಯವರಾದರೆ ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ವಿನಯದಿಂದ ಕೇಳಿ, ಆದರೆ ಕೇಳದೆ ಇರಬೇಡಿ.

ಒಂದು ತಿಂಗಳ ಲೆಕ್ಕ

ಕೊನೆಯದಾಗಿ ನಿಮಗೊಂದು ಕೆಲಸ. ನೋಟ್‌ಬುಕ್ಕಿನಲ್ಲಿ ಒಂದು ಕೋಷ್ಟಕ ಹಾಕಿ. ಪ್ರತಿ ಆಟದ ಪೀರಿಯಡ್‌ನಲ್ಲಿ ಎಷ್ಟು ಜನ ಆಡಿದರು, ಎಷ್ಟು ಜನ ಹೊರಗೆ ಉಳಿದರು ಎಂದು ಬರೆಯುತ್ತ ಹೋಗಿ. ಹೆಸರು ಬರೆಯಬೇಡಿ, ಸಂಖ್ಯೆ ಮಾತ್ರ ಸಾಕು. ಮೊದಲ ಎರಡು ವಾರ ಈಗಿನಂತೆಯೇ ಆಡಿ. ಮುಂದಿನ ಎರಡು ವಾರ ಶಿಕ್ಷಕರ ಒಪ್ಪಿಗೆ ಪಡೆದು ಎಣಿಸಿ ತಂಡ ಮಾಡಿ, ಔಟಾದವರು ಮರಳಿ ಬರುವ ಆಟಗಳನ್ನೇ ಆಡಿ, ಕೊನೆಯ ಐದು ನಿಮಿಷ ಉಸಿರಾಟಕ್ಕೆ ಕೊಡಿ. ಹೊರಗೆ ಉಳಿದವರ ಸಂಖ್ಯೆ ಕಡಿಮೆಯಾಯಿತೇ? ಜಗಳಗಳು ಕಡಿಮೆಯಾದವೇ? ಮುಂದಿನ ಪೀರಿಯಡ್‌ನಲ್ಲಿ ತರಗತಿ ಹೇಗಿತ್ತು?

ಉತ್ತರ ಏನೇ ಬಂದರೂ ಅದನ್ನು ನಿಮ್ಮ ಶಿಕ್ಷಕರ ಮುಂದೆ ಇಡಿ. ಸಂಖ್ಯೆ ಕಡಿಮೆಯಾಗದಿದ್ದರೆ ಏಕೆ ಆಗಲಿಲ್ಲ ಎಂದು ಹೊರಗೆ ಉಳಿದವರನ್ನೇ ಕೇಳಿ. ಅವರಷ್ಟು ಚೆನ್ನಾಗಿ ಅದನ್ನು ಬೇರೆ ಯಾರೂ ಹೇಳಲಾರರು.